ಮುತ್ತಿನ ಪಕ್ಕ ಅಮೆಥಿಸ್ಟ್ ಬೇಡ ಅಂದರೆ ಬೇಡ

ಬಣ್ಣದ ಬಗ್ಗೆ ನಾನು ಇಲ್ಲಿ ಏನೂ ಹೇಳುವುದಿಲ್ಲ. ಯಾವ ಸೀರೆಗೆ ಯಾವ ಕಲ್ಲು ಅನ್ನುವುದು ನಿಮಗೇ ಗೊತ್ತು, ನಾನು ಹೇಳಿದರೂ ನೀವು ಕೇಳುವುದಿಲ್ಲ. ನನ್ನ ತಕರಾರು ಬೇರೆ. ಸರ ಪೋಣಿಸಿಕೊಳ್ಳಲು ನನ್ನ ಬಳಿ ಬರುವವರಲ್ಲಿ ಬಹಳ ಜನ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿ, ಒಂದು ಮುತ್ತು, ಒಂದು ಅಮೆಥಿಸ್ಟ್ (ನೇರಳೆ ಕಲ್ಲು), ಒಂದು ಹವಳ, ಒಂದು ಗಾರ್ನೆಟ್ (ಕಡುಗೆಂಪು ಕಲ್ಲು), ಹೀಗೇ ಸಾಲಾಗಿ ಪೋಣಿಸಿಕೊಡಿ ಅನ್ನುತ್ತಾರೆ. ನಡುವೆ ಗಂಟು ಬೇಡ, ಒತ್ತಾಗಿ ಇರಲಿ. ದಾರ ಮಾತ್ರ ಗಟ್ಟಿ ಇರಲಿ, ತಂಗೂಸಿ ಹಾಕಿದರೂ ಪರವಾಗಿಲ್ಲ ಅಂತಲೂ ಹೇಳುತ್ತಾರೆ.

ದಾರ ಹೋದರೆ ಹೊಸದು ಹಾಕಬಹುದು. ಮುತ್ತು ಸವೆದರೆ ಏನು ಹಾಕುತ್ತೀರಿ?

ಕಲ್ಲುಗಳ ಗಡಸುತನಕ್ಕೆ 1ರಿಂದ 10ರವರೆಗೆ ಒಂದು ಅಳತೆ ಇದೆ, 1812ರಲ್ಲಿ ಫ್ರೀಡ್ರಿಶ್ ಮೋಸ್ ಮಾಡಿದ್ದು. ಯಾವುದು ಯಾವುದನ್ನು ಗೀಚುತ್ತದೆ ಅನ್ನುವುದಷ್ಟೇ ಅದರ ಲೆಕ್ಕ, ಸಂಖ್ಯೆ ದೊಡ್ಡದಾದಷ್ಟೂ ಕಲ್ಲು ಗಟ್ಟಿ. ಅಮೆಥಿಸ್ಟ್, ರೋಸ್ ಕ್ವಾರ್ಟ್ಸ್ ಎಲ್ಲ ಸ್ಫಟಿಕದ ಜಾತಿ, 7. ಗಾರ್ನೆಟ್ ಕೂಡ ಅದರ ಆಸುಪಾಸು. ಕಡುನೀಲಿ ಲ್ಯಾಪಿಸ್, ಹಸಿರುನೀಲಿ ಫಿರೋಜಾ 5ರಿಂದ 6. ಹವಳ 3ರಿಂದ 4. ಮುತ್ತೂ ಹೆಚ್ಚುಕಡಿಮೆ ಅಷ್ಟೇ, ಕೆಲವು ಇನ್ನೂ ಮೆದು. ಈಗ 7ರದ್ದನ್ನು 3ರದ್ದಕ್ಕೆ ತಾಗಿಸಿ ಕೂರಿಸಿದ್ದೀರಿ. ನೀವು ಕತ್ತು ತಿರುಗಿಸುತ್ತೀರಿ, ಬಗ್ಗುತ್ತೀರಿ, ಸ್ಕೂಟರ್ ಓಡಿಸುತ್ತೀರಿ, ಮಾತಾಡುತ್ತಾ ಸರವನ್ನು ಬೆರಳಲ್ಲಿ ಸುತ್ತುತ್ತೀರಿ, ಪ್ರತಿ ಸಲವೂ ಎರಡು ಮಣಿ ಒಂದಕ್ಕೊಂದು ಉಜ್ಜುತ್ತವೆ, ಮತ್ತು ಪ್ರತಿ ಸಲವೂ ಸೋಲುವುದು ಮುತ್ತೇ. ಪಕ್ಕದ ಕಲ್ಲು ಮೂಲೆ ಮೂಲೆ ಕಟ್ ಮಾಡಿದ್ದಾಗಿದ್ದರಂತೂ ಅರ ಹಾಕಿದ ಹಾಗೆ.

ಮಲ್ಲೇಶ್ವರದಿಂದ ಬರುವ ಒಬ್ಬರು ಗಣಿತದ ಟೀಚರ್ ಇದ್ದಾರೆ. ಅಮ್ಮನ ಮುತ್ತಿನ ಸರ ಬಿಚ್ಚಿಸಿ, ಕಟ್ ಮಾಡಿದ ಅಮೆಥಿಸ್ಟ್ ಸೇರಿಸಿ, ಬೇರೆ ಎಲ್ಲೋ ಪೋಣಿಸಿಕೊಂಡಿದ್ದರು. ಒಂದೆರಡು ವರ್ಷ ದಿನಾ ಹಾಕಿಕೊಂಡ ಮೇಲೆ, ದಾರ ಸಡಿಲ ಆಗಿದೆ, ಬಿಗಿ ಮಾಡಿಕೊಡಿ ಅಂತ ತಂದರು. ದಾರವೂ ಸ್ವಲ್ಪ ಎಳೆದಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಲೆನ್ಸ್ ಹಿಡಿದು ನೋಡಿದರೆ ಮುತ್ತುಗಳ ತೂತಿನ ಸುತ್ತ ಚಪ್ಪಟೆ ಉಂಗುರ. ಮುತ್ತುಗಳೇ ಗಿಡ್ಡ ಆಗಿದ್ದವು, ಅದಕ್ಕೇ ಸರ ಸಡಿಲ. ಅವರು ಒಪ್ಪಲಿಲ್ಲ. ಇಷ್ಟು ಚಿಕ್ಕ ಕಲ್ಲು ಏನು ಮಾಡುತ್ತೆ ಸರ್ ಅಂದರು. ಮಣಿಗಳನ್ನು ಬಿಡಿಸಿ ಸಾಲಾಗಿ ಇಟ್ಟು ತೋರಿಸಿದೆ. ಆಮೇಲೆ ಪಾಲಿಶ್ ಮಾಡಿ ಸರಿ ಮಾಡಬಹುದಾ ಅಂತ ಕೇಳಿದರು. ಪಾಲಿಶ್ ಅಂದರೆ ಇನ್ನಷ್ಟು ಉಜ್ಜುವುದೇ ಅಲ್ವಾ? ಕೊನೆಗೆ ಮುತ್ತು ಬೇರೆ, ಅಮೆಥಿಸ್ಟ್ ಬೇರೆ, ಎರಡು ಸರ ಆಯಿತು. ಈಗಲೂ ಬಂದಾಗ ನನ್ನ ಬಿಲ್ಲಿನ ಕೂಡುವ ಲೆಕ್ಕ ತಿದ್ದುತ್ತಾರೆ, ಪಾಪ, ಒಳ್ಳೆಯವರು.

ಸೇರಿಸಲೇಬೇಕು ಅಂದರೆ ದಾರಿ ಇದೆ. ರೇಷ್ಮೆ ದಾರ, ಪ್ರತಿ ಮಣಿಗೂ ಒಂದು ಗಂಟು. ಮಣಿ ಮಣಿಯನ್ನು ಮುಟ್ಟಬಾರದು, ಅಷ್ಟೇ. ಗಂಟು ಸಣ್ಣದಾದರೆ ತೂತಿನೊಳಗೆ ಜಾರಿಹೋಗುತ್ತದೆ, ಹಾಗಾಗಿ ದಾರದ ದಪ್ಪ ತೂತು ನೋಡಿ ಆರಿಸಬೇಕು. 16 ಇಂಚಿಗೆ 8 ಮಿಲಿಮೀಟರ್ ಮಣಿ ಸುಮಾರು 50 ಹಿಡಿಯುತ್ತದೆ. ಗಂಟು ಹಾಕಿದರೆ ಅದೇ ಮಣಿಗಳ ಸರ ಒಂದು ಇಂಚಿಗಿಂತ ಜಾಸ್ತಿ ಉದ್ದ ಆಗಬಹುದು, ಮೊದಲೇ ಲೆಕ್ಕ ಹಾಕಿಕೊಳ್ಳಿ. ಗಂಟು ನೋಡಲು ಚೆನ್ನಾಗಿಲ್ಲ ಅನ್ನುವವರು ನಡುವೆ ಚಿನ್ನದ ಅಥವಾ ಬೆಳ್ಳಿಯ ಗುಂಡು ಹಾಕಿಸಿ. ಅವೂ ಮೆದು, ಮುತ್ತಿಗೆ ಅಷ್ಟು ಪೆಟ್ಟಿಲ್ಲ. ಅಜ್ಜಿಯರ ಹವಳದ ಸರದಲ್ಲಿ ನಡುನಡುವೆ ಚಿನ್ನದ ಗುಂಡು ಇರುತ್ತಿತ್ತು, ನೋಡಿರುತ್ತೀರಿ. ಒನ್ ಗ್ರಾಂ ಗೋಲ್ಡ್ ಗುಂಡು ತರುವವರಿಗೆ ನಾನು ಭರವಸೆ ಕೊಡಲ್ಲ, ಮೇಲಿನ ಲೇಪ ಹೋದ ಮೇಲೆ ಒಳಗೆ ಯಾವ ಲೋಹವೋ. ಗಾಜಿನ ಮಣಿ ಬೇಡವೇ ಬೇಡ, ಅದೂ ಮುತ್ತಿಗಿಂತ ಗಟ್ಟಿ.

ಗಂಟಿಲ್ಲದೆ ಒತ್ತಾಗಿಯೇ ಬೇಕಾದರೆ ಗಡಸುತನದಲ್ಲಿ ಒಂದೇ ಮಟ್ಟದ ಕಲ್ಲು ತನ್ನಿ. ಗುಜರಾತಿನ ಖಂಭಾತ್‌ನ ಅಗೇಟ್ (ಪಟ್ಟೆಪಟ್ಟೆ ಕಲ್ಲು), ಕಾರ್ನೀಲಿಯನ್ (ಕೆಂಗಿತ್ತಳೆ ಕಲ್ಲು), ಅಮೆಥಿಸ್ಟ್ ಎಲ್ಲ ಸ್ಫಟಿಕದ ಜಾತಿಯೇ, ಧಾರಾಳವಾಗಿ ಸೇರಿಸಬಹುದು. ಅದೇ ಗುಜರಾತಿನ ಸಿಂಧೂ ನಾಗರಿಕತೆಯ ಊರು ಲೋಥಲ್‌ನಲ್ಲಿ ಅಗೆದಾಗ ಸಿಕ್ಕ ಕಾರ್ನೀಲಿಯನ್ ಮಣಿಗಳು ಸುಮಾರು ನಾಲ್ಕು ಸಾವಿರ ವರ್ಷ ಮಣ್ಣಲ್ಲಿದ್ದವು, ನಿಮ್ಮ ಕತ್ತಿನಲ್ಲಿ ಏನೂ ಆಗಲ್ಲ. ಅಂಚು ಒಂದಿಷ್ಟು ಮುಕ್ಕಾಗಬಹುದು, ಅಷ್ಟೇ.

ಇನ್ನೊಂದು ಎಚ್ಚರ. ಅಗ್ಗದ ಫಿರೋಜಾ ಎಷ್ಟೋ ಸಲ ಬಣ್ಣ ಹಾಕಿದ ಹೌಲೈಟ್ ಅನ್ನುವ ಬಿಳಿ ಕಲ್ಲು ಆಗಿರುತ್ತದೆ, ಅದರ ಗಡಸುತನ ಬರೀ 3.5, ಹೆಚ್ಚುಕಡಿಮೆ ಮುತ್ತಿನಷ್ಟೇ ಮೆದು. ನಾನು ಕಣ್ಣಲ್ಲಿ ನೋಡಿ ಅನುಮಾನ ಹೇಳಬಹುದು, ಖಚಿತ ಬೇಕಾದರೆ ಲ್ಯಾಬ್‌ಗೇ ಕೊಡಬೇಕು.

ಮತ್ತೆ, ಹಳೆಯ ಸರ ತರುವಾಗ ದಯವಿಟ್ಟು ದಾರ ಕತ್ತರಿಸಿ, ಮಣಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುರಿದುಕೊಂಡು ಬರಬೇಡಿ. ಯಾವ ಮುತ್ತು ಯಾವುದರ ಪಕ್ಕ ಇತ್ತು, ಎಲ್ಲಿ ಸವೆದಿದೆ ಅಂತ ಸರ ಹಾಗೇ ಇದ್ದರೆ ತಿಳಿಯುತ್ತದೆ. ಸುರಿದು ತಂದರೆ ಗಾತ್ರ ನೋಡಿ ಜೋಡಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ, ಅದರ ಕೂಲಿ ಕೇಳಿದಾಗ ನನ್ನ ಮೇಲೆ ರೇಗಬೇಡಿ.