ಸ್ಟೇಟ್ ಬಿಲ್ಡಿಂಗ್ ದೇಶದ ಒಳಗಿನ ವಿಷಯ ಅಲ್ವಾ, ಇಂಟರ್‌ನ್ಯಾಷನಲ್ ರಿಲೇಷನ್ಸ್‌ನಲ್ಲಿ ಅದನ್ನ ಯಾಕೆ ಓದ್ಬೇಕು?

ಪ್ರಶ್ನೆ: ಸ್ಟೇಟ್ ಬಿಲ್ಡಿಂಗ್ ಅಂದ್ರೆ ಒಂದು ದೇಶದ ಆಡಳಿತ ವ್ಯವಸ್ಥೆ ಕಟ್ಟೋದು. ತೆರಿಗೆ, ಪೊಲೀಸು, ಕೋರ್ಟು ಇವೆಲ್ಲ ಆಯಾ ದೇಶದ ಒಳಗಿನ ಕೆಲಸ. ದೇಶ ದೇಶಗಳ ನಡುವಿನ ಸಂಬಂಧ ಓದೋರಿಗೆ ಇದೆಲ್ಲ ಯಾಕೆ?

ಉತ್ತರ: ಹೀಗನ್ಸೋದು ಸಹಜ, ಯಾಕಂದ್ರೆ ಈ ಸಬ್ಜೆಕ್ಟೇ ಬಹಳ ವರ್ಷ ಹಾಗೇ ಅಂದ್ಕೊಂಡಿತ್ತು. 1979ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞ ಕೆನೆತ್ ವಾಲ್ಟ್ಜ್ ಮಂಡಿಸಿದ ಥಿಯರಿಯಲ್ಲಿ ಎಲ್ಲ ದೇಶಗಳೂ ಒಂದೇ ಥರದ ಯೂನಿಟ್‌ಗಳು, ಬಲ ಹೆಚ್ಚುಕಮ್ಮಿ ಇರುತ್ತೆ ಅಷ್ಟೇ. ಆದ್ರೆ ಆ ಯೂನಿಟ್ ಬಂದಿದ್ದೆಲ್ಲಿಂದ? ನನ್ ಪ್ರಕಾರ ಅಸಲಿ ಪ್ರಶ್ನೆ ಅದೇ, ಯಾಕಂದ್ರೆ ಸ್ಟೇಟನ್ನ ಅರ್ಧ ಕಟ್ಟೋದೇ ಹೊರಗಿನ ಒತ್ತಡ.

ಯುರೋಪ್ ನೋಡಿ. ಅಲ್ಲಿ ಯುದ್ಧಗಳೇ ಸ್ಟೇಟ್‌ಗಳನ್ನ ಕಟ್ಟಿದ್ವು ಅಂತ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಟಿಲ್ಲಿ ವಾದಿಸಿದ್ರು. ಪಕ್ಕದ ರಾಜನ ಜೊತೆ ಯುದ್ಧ ಮಾಡ್ಬೇಕಂದ್ರೆ ಸೈನ್ಯ ಬೇಕು, ಸೈನ್ಯಕ್ಕೆ ದುಡ್ಡು ಬೇಕು, ದುಡ್ಡಿಗೆ ತೆರಿಗೆ, ತೆರಿಗೆ ವಸೂಲಿಗೆ ಅಧಿಕಾರಿಗಳು, ಹೀಗೆ ಬೆಳೀತಾ ಹೋಯ್ತು. ಬ್ಯಾಂಕ್ ಆಫ್ ಇಂಗ್ಲೆಂಡ್ 1694ರಲ್ಲಿ ಶುರುವಾಗಿದ್ದು ಫ್ರಾನ್ಸ್ ಜೊತೆಗಿನ ಯುದ್ಧಕ್ಕೆ ಸರ್ಕಾರಕ್ಕೆ ಸಾಲ ಕೊಡೋಕೆ, 1799ರಲ್ಲಿ ಬ್ರಿಟನ್‌ಗೆ ಇನ್‌ಕಮ್ ಟ್ಯಾಕ್ಸ್ ಬಂದಿದ್ದೂ ಫ್ರಾನ್ಸ್ ವಿರುದ್ಧದ ಇನ್ನೊಂದು ಯುದ್ಧದ ಖರ್ಚಿಗೇ.

1945ರ ನಂತರ ಕಥೆ ಬದಲಾಯ್ತು. ವಿಶ್ವಸಂಸ್ಥೆಯಲ್ಲಿ ಆಗ 51 ದೇಶ, ಈಗ 193. ಹೊಸ ದೇಶಗಳಲ್ಲಿ ಎಷ್ಟೋ ದೇಶಗಳಿಗೆ ಒಳಗೆ ಆಡಳಿತ ಗಟ್ಟಿಯಾಗೋಕೆ ಮುಂಚೆನೇ ಬೇರೆ ದೇಶಗಳ ಮಾನ್ಯತೆ ಸಿಕ್ತು. ಪೂರ್ವ ಆಫ್ರಿಕಾದ ಸೊಮಾಲಿಯಾ ಸರ್ಕಾರ 1991ರಲ್ಲಿ ಪೂರ್ತಿ ಕುಸಿದುಬಿತ್ತು, ಆದ್ರೂ ಆ ದೇಶದ ವಿಶ್ವಸಂಸ್ಥೆ ಸದಸ್ಯತ್ವ ಹೋಗ್ಲಿಲ್ಲ. ಅದೇ ವರ್ಷ ಆ ದೇಶದ ಉತ್ತರ ಭಾಗವಾದ ಸೊಮಾಲಿಲ್ಯಾಂಡ್ ತಾನು ಸ್ವತಂತ್ರ ಅಂತು, ತನ್ನದೇ ಕರೆನ್ಸಿ ತಂತು, ಪೊಲೀಸು, ಚುನಾವಣೆ ಎಲ್ಲಾ ನಡೆಸ್ತು, ಆದ್ರೂ ದಶಕಗಳ ಕಾಲ ಮಾನ್ಯತೆ ಸಿಗ್ಲಿಲ್ಲ, ಯಾಕಂದ್ರೆ ವಸಾಹತು ಕಾಲದ ಗಡಿಗಳನ್ನ ಮುಟ್ಟೋದು ಬೇಡ ಅಂತ ಆಫ್ರಿಕಾದ ದೇಶಗಳು 1964ರಲ್ಲೇ ನಿರ್ಧರಿಸಿದ್ವು. ಇದು ನ್ಯಾಯ ಅಂತ ನನಗಂತೂ ಅನ್ಸಲ್ಲ, ಆದ್ರೆ ಒಂದು ಗಡಿ ಬದಲಾದ್ರೆ ಉಳಿದದ್ದೂ ಅಲ್ಲಾಡುತ್ತೆ ಅನ್ನೋ ಅವರ ಭಯ ಸುಳ್ಳೇನಲ್ಲ.

ಇನ್ನು ಅಫ್ಘಾನಿಸ್ತಾನ. 2001ರಲ್ಲಿ ಅಮೆರಿಕದ ಸೇನೆ ಬಂದ ನಂತರ ಅಲ್ಲಿ ಸರ್ಕಾರಿ ಖರ್ಚಿನ ಬಹುಪಾಲು ವಿದೇಶಿ ನೆರವಿಂದಲೇ ಬರ್ತಿತ್ತು. ದುಡ್ಡು ಹೊರಗಿಂದ ಬರ್ತಿರೋವಾಗ ಸರ್ಕಾರ ಲೆಕ್ಕ ಒಪ್ಪಿಸೋದೂ ಹೊರಗಿನವರಿಗೇ, ಜನರ ಜೊತೆ ಕೊಡು-ತಗೋ ಸಂಬಂಧ ಬೆಳೆಯೋದೇ ಕಷ್ಟ. ಅಮೆರಿಕದ ಸೇನೆ ಹೊರಡ್ತಿದ್ದಾಗಲೇ 2021ರ ಆಗಸ್ಟ್ 15ಕ್ಕೆ ಕಾಬೂಲ್ ತಾಲಿಬಾನ್ ಕೈಸೇರ್ತು. ಈಗ ತೆರಿಗೆ ವಸೂಲಿ ಮಾಡೋದು ಅವರೇ, ಆದ್ರೆ 2025ರಲ್ಲಿ ರಷ್ಯಾ ಮಾನ್ಯತೆ ಕೊಡೋವರೆಗೂ ಯಾವ ದೇಶವೂ ಅವರನ್ನ ಅಧಿಕೃತವಾಗಿ ಒಪ್ಕೊಂಡಿರ್ಲಿಲ್ಲ, ಅಫ್ಘಾನ್ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರನ್ನ ಅಮೆರಿಕ 2021ರಲ್ಲೇ ತಡೆಹಿಡೀತು.