ಐಎಂಸಿ ಸಾಕಾ, ಪೂರ್ತಿ ಐಆರ್ ಬೇಕಾ?

ಬ್ರಿಟನ್ನಿನಲ್ಲಿ ಪಿಪಿಎಲ್ (ಖಾಸಗಿ ಪೈಲಟ್ ಪರವಾನಗಿ) ಮುಗಿಸಿ ಮೋಡದೊಳಗೆ ಹಾರಲು ಕಲಿಯಬೇಕು ಅಂದುಕೊಂಡವರು ಮೊದಲು ತರಬೇತಿಯ ಗಂಟೆ ಎಣಿಸುತ್ತಾರೆ. ನಾನೂ ಹಾಗೇ ಶುರುಮಾಡಿದ್ದೆ. ಈಗ ಮೊದಲು ನೋಡುವುದು ಇನ್ನೊಂದನ್ನು: ರನ್‌ವೇ ಕಾಣದೆ ಎಷ್ಟು ಕೆಳಗಿನವರೆಗೆ ಇಳಿಯಬಹುದು?

ಹೊರಗೆ ಏನೂ ಕಾಣದಾಗ ಉಪಕರಣ ನೋಡಿಯೇ ಹಾರಲು ಬೇಕಾದ ಪೂರ್ತಿ ಅರ್ಹತೆ ಐಆರ್ (ಇನ್‌ಸ್ಟ್ರುಮೆಂಟ್ ರೇಟಿಂಗ್). ಅದರ ಚಿಕ್ಕ ರೂಪ ಬ್ರಿಟನ್ನಿನ ಐಎಂಸಿ ರೇಟಿಂಗ್; ಇದಕ್ಕೆ ಈಗಿನ ಹೆಸರು ಐಆರ್-ಆರ್, ಅಂದರೆ ಮಿತಿ ಹಾಕಿದ ಐಆರ್. ಕನಿಷ್ಠ 15 ಗಂಟೆ ತರಬೇತಿ, ಒಂದು ಲಿಖಿತ ಪರೀಕ್ಷೆ, ಒಂದು ಹಾರಾಟ ಪರೀಕ್ಷೆ. 25 ತಿಂಗಳು ನಡೆಯುತ್ತದೆ. ಉಪಕರಣ ಹಾರಾಟಕ್ಕೆ ಮಾತ್ರ ಮೀಸಲಾದ ಕ್ಲಾಸ್ ಎ ವಾಯುಪ್ರದೇಶಕ್ಕೆ ಹೋಗುವಂತಿಲ್ಲ, ಫ್ರಾನ್ಸಿಗೆ ದಾಟಿದರೆ ಅಲ್ಲಿ ಲೆಕ್ಕಕ್ಕಿಲ್ಲ.

ಈಗ ಐಎಲ್‌ಎಸ್ (ರನ್‌ವೇಗೆ ದಾರಿ ತೋರಿಸುವ ರೇಡಿಯೊ ಕಿರಣಗಳು) ಹಿಡಿದು ಇಳಿಯುತ್ತಿದ್ದೀರಿ ಅಂದುಕೊಳ್ಳಿ. ಪೂರ್ತಿ ಐಆರ್ ಇದ್ದವರು ಸಾಮಾನ್ಯವಾಗಿ 200 ಅಡಿವರೆಗೆ ಬರಬಹುದು. ಐಎಂಸಿಯವರಿಗೆ ಸಲಹೆ 500 ಅಡಿ; ಜೊತೆಗೆ 1500 ಮೀಟರ್ ಗೋಚರತೆ ಇರಲೇಬೇಕು. ನಡುವಿನ 300 ಅಡಿ ಏನು ಮಹಾ ಅಲ್ವಾ? 90 ನಾಟ್ ವೇಗದಲ್ಲಿ, 3 ಡಿಗ್ರಿ ಇಳಿಜಾರಿನಲ್ಲಿ, ಅದು 40 ಸೆಕೆಂಡಿಗೂ ಕಡಿಮೆ. ಆದರೆ ಕಷ್ಟವೆಲ್ಲ ಅಲ್ಲೇ ಇದೆ. ಕೆಳಗೆ ಬಂದಂತೆ ಕಿರಣ ಕಿರಿದಾಗುತ್ತದೆ, ಎಡ-ಬಲ ತೋರಿಸುವ ಲೋಕಲೈಸರ್ ಮುಳ್ಳು ಚುರುಕಾಗುತ್ತದೆ. ಮೇಲೆ 5 ಡಿಗ್ರಿ ತಿರುಗಿಸಿ ಸರಿಪಡಿಸಿದ್ದನ್ನು ಇಲ್ಲಿ 2 ಡಿಗ್ರಿಯಲ್ಲಿ ಮಾಡಬೇಕು. ಜಾಸ್ತಿ ತಿರುಗಿಸಿದರೆ ಮುಳ್ಳು ಆ ಕಡೆ ಹಾರಿಬಿಡುತ್ತದೆ. ಫಾಗಲ್ಸ್ (ಹೊರಗಿನದು ಕಾಣದಂತೆ ಮಾಡುವ ತರಬೇತಿ ಕನ್ನಡಕ) ಹಾಕಿಕೊಂಡು ಇದನ್ನು ಮಾಡಿದಾಗ ನನ್ನ ಅಂಗೈ ಬೆವರಿತ್ತು. ಪೂರ್ತಿ ಐಆರ್‌ಗೆ ಹೆಚ್ಚು ಗಂಟೆ ಯಾಕೆ ಅಂತ ಅವತ್ತೇ ಅರ್ಥವಾಯಿತು.

ಪೂರ್ತಿ ಐಆರ್‌ಗೆ ಹೋಗುವ ಖಾಸಗಿ ಪೈಲಟ್‌ಗಳು ಹೆಚ್ಚಾಗಿ ಹಿಡಿಯುವ ದಾರಿ ಸಿಬಿ-ಐಆರ್, ಅಂದರೆ ಸಾಮರ್ಥ್ಯ ಆಧಾರಿತ ಐಆರ್. ಒಂದೇ ಎಂಜಿನ್ ವಿಮಾನಕ್ಕೆ 40 ಗಂಟೆ. ಐಎಂಸಿ ಕಲಿಕೆಯ ಗಂಟೆಗಳಲ್ಲಿ ಒಂದಷ್ಟು ಇದಕ್ಕೆ ಸೇರುತ್ತವೆ, ಹಾಗಾಗಿ ಮೊದಲು ಐಎಂಸಿ ಮಾಡಿದರೆ ನಷ್ಟವಿಲ್ಲ. ಥಿಯರಿ ಜಾಸ್ತಿ. ವರ್ಷಕ್ಕೊಮ್ಮೆ ಪರೀಕ್ಷೆ.

ಯುರೋಪಿನ ಈಸಾ (ವಿಮಾನಯಾನ ಸುರಕ್ಷತಾ ಸಂಸ್ಥೆ) ದೇಶಗಳಲ್ಲಿ 2021ರಿಂದ ಬಿಐಆರ್, ಅಂದರೆ ಬೇಸಿಕ್ ಐಆರ್, ಬಂದಿದೆ. ಕನಿಷ್ಠ ಗಂಟೆಗಳ ಲೆಕ್ಕವಿಲ್ಲ, ಕೆಲಸ ಬಂದರೆ ಸಾಕು. ಆದರೆ ಮಾಮೂಲಿ ಮಿತಿಗೆ 200 ಅಡಿ ಸೇರಿಸಬೇಕು. ಗೋಚರತೆ ಇಲ್ಲೂ 1500 ಮೀಟರ್.

ವಾರಾಂತ್ಯಕ್ಕೆ ಮಾತ್ರ ಹಾರುವವರಿಗೆ ನಾನು ಹೇಳುವುದು ಐಎಂಸಿಯನ್ನೇ. ಆದರೆ ಅಭ್ಯಾಸ ಬಿಡಬೇಡಿ. ಎರಡು ತಿಂಗಳು ಮೋಡದಲ್ಲಿ ಹಾರದಿದ್ದರೆ ನಾನು 500 ಅಡಿ ಮರೆತು 800 ಇಟ್ಟುಕೊಳ್ಳುತ್ತೇನೆ, ಬೋಧಕರ ಜೊತೆ ಒಂದು ಸುತ್ತು ಹೋಗಿಬರುವವರೆಗೆ.