ಕರಡಿಯಾದ ಮೇಲೆ ಪೆಟ್ಟು ಯಾರ ಲೆಕ್ಕಕ್ಕೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಕಥೆ ನಡೆಸುವ ಆಟ. ಅದರಲ್ಲಿ ಡ್ರೂಯಿಡ್ ಅಂದರೆ ಕಾಡಿನ ಶಕ್ತಿಯಿರುವ, ಪ್ರಾಣಿಯಾಗಿ ರೂಪ ಬದಲಿಸಬಲ್ಲ ಪಾತ್ರ. 1975ರಲ್ಲಿ ಅದು ಮೊದಲು ಬಂದದ್ದು ಎದುರಾಳಿಯಾಗಿ. ಮರುವರ್ಷ ಆಟಗಾರರ ಕೈಗೂ ಸಿಕ್ಕಿತು. ಅಂದಿನಿಂದ ಆ ಪಾತ್ರ ಪ್ರಾಣಿಯಾಗುವ ನಿಯಮವನ್ನು ಎಷ್ಟು ಸಲ ಬದಲಾಯಿಸಿದರೂ ಜಗಳ ಮುಗಿದಿಲ್ಲ.

1978ರ ನಿಯಮ ಸರಳವಾಗಿತ್ತು. ಪಾತ್ರ ಬೆಳೆಯುತ್ತಾ ಏಳನೇ ಲೆವೆಲ್ (ಹಂತ) ಮುಟ್ಟಿದರೆ ದಿನಕ್ಕೆ ಮೂರು ರೂಪ: ಒಮ್ಮೆ ಹಾವು-ಹಲ್ಲಿಯಂಥದ್ದು, ಒಮ್ಮೆ ಹಕ್ಕಿ, ಒಮ್ಮೆ ಸಸ್ತನಿ. ರೂಪ ಬದಲಾದಾಗ ಗಾಯವೂ ಒಂದಿಷ್ಟು ಮಾಯುತ್ತಿತ್ತು. ಬೇಹುಗಾರಿಕೆಗೆ, ತಪ್ಪಿಸಿಕೊಳ್ಳೋದಕ್ಕೆ ಅಷ್ಟು ಸಾಕಿತ್ತು.

ತೊಂದರೆ ಜೋರಾದದ್ದು 2000ದ ಮೂರನೇ ಆವೃತ್ತಿಯಲ್ಲಿ. ಪ್ರಾಣಿಯಾದರೆ ಅದರ ಬಲ, ಚುರುಕುತನ ಎಲ್ಲವೂ ನಿಮ್ಮದೇ. ಹಾಗಾದರೆ ಮನುಷ್ಯ ರೂಪದಲ್ಲಿ ಬಲ ಯಾಕೆ ಬೇಕು? ಆಟಗಾರರು ಅಲ್ಲಿ ಕಡಿಮೆ ಅಂಕ ಇಟ್ಟು, ಉಳಿದದ್ದನ್ನು ಮಂತ್ರಕ್ಕೆ ಬೇಕಾದ ವಿವೇಕಕ್ಕೆ ಸುರಿದರು. ಪ್ರಾಣಿ ರೂಪದಲ್ಲೇ ಮಂತ್ರ ಹಾಕುವ ‘ನ್ಯಾಚುರಲ್ ಸ್ಪೆಲ್’ ಕೂಡ ಸಿಕ್ಕಿತು. ಇನ್ನು ಪಕ್ಕದಲ್ಲಿರುವ, ಹೊಡೆದಾಡೋದೇ ಕೆಲಸವಾದ ಫೈಟರ್ ಪಾತ್ರಕ್ಕೆ ಏನು ಕೆಲಸ, ಅಲ್ವಾ? ಜೊತೆಗೆ, ಹೊಸ ಪ್ರಾಣಿಗಳ ಪುಸ್ತಕ ಬಂದಾಗೆಲ್ಲ ಡ್ರೂಯಿಡ್ ಸುಮ್ನೆ ಕೂತಲ್ಲೇ ಇನ್ನಷ್ಟು ಬಲಿಯುತ್ತಿತ್ತು. ನನ್ನ ಪ್ರಕಾರ ಮೂಲ ತಪ್ಪು ಇದೇ. ಆ ಪ್ರಾಣಿಗಳ ಅಂಕಿಗಳನ್ನು ಬರೆದದ್ದು ಎದುರಾಳಿಗಳಿಗಾಗಿ. ಅದನ್ನೇ ಆಟಗಾರರ ಶಕ್ತಿಯಾಗಿ ಕೊಟ್ಟರೆ ಅಳತೆ ತಪ್ಪದೆ ಇರುತ್ತಾ?

2009ರಲ್ಲಿ ಎರಡು ಉತ್ತರ ಬಂದವು. ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್ ಪ್ರಾಣಿಯ ಗಾತ್ರ ನೋಡಿ ನಿಮ್ಮ ಸ್ವಂತ ಅಂಕಿಗೆ ಒಂದಿಷ್ಟು ಸೇರಿಸಿತು. ಹುಲಿಯಾದರೂ ಕುದುರೆಯಾದರೂ ಹೆಚ್ಚುವ ಬಲ ಒಂದೇ. ಡಿ ಅಂಡ್ ಡಿಯ ನಾಲ್ಕನೇ ಆವೃತ್ತಿ ಇನ್ನೂ ಮುಂದೆ ಹೋಯಿತು: ರೂಪ ಎಷ್ಟು ಸಲ ಬೇಕಾದರೂ ಬದಲಾಯಿಸಿ, ಅಂಕಿ ಮಾತ್ರ ಬದಲಾಗಲ್ಲ. ಲೆಕ್ಕ ಸರಿಹೋಯಿತು, ಕರಡಿಯಾದ ಖುಷಿ ಹೋಯಿತು.

2014ರ ಐದನೇ ಆವೃತ್ತಿ ಮತ್ತೆ ಪ್ರಾಣಿಯ ಅಂಕಿಗಳಿಗೇ ಮರಳಿತು. ಈ ಸಲ ಪ್ರಾಣಿಯ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೆಯಬಹುದು ಅನ್ನುವ ಅಂಕಿ) ಬೇರೆಯೇ. ಅದು ಸೊನ್ನೆಯಾದರೆ ನೀವು ಮೊದಲಿನ ರೂಪಕ್ಕೆ ಬರುತ್ತೀರಿ, ಮಿಕ್ಕ ಪೆಟ್ಟು ಮಾತ್ರ ನಿಮಗೆ ತಾಗುತ್ತದೆ. ಎರಡನೇ ಲೆವೆಲ್‌ನ ಡ್ರೂಯಿಡ್‌ಗೆ ಸ್ವಂತದ್ದು ಹದಿನೈದು-ಹದಿನೇಳರ ಆಸುಪಾಸು. ಡ್ರೂಯಿಡ್‌ಗಳಲ್ಲೇ ‘ಸರ್ಕಲ್ ಆಫ್ ದ ಮೂನ್’ ಅನ್ನುವ ಪಂಗಡ ಆರಿಸಿಕೊಂಡವರು (ಮೂನ್ ಡ್ರೂಯಿಡ್) ಕಂದು ಕರಡಿಯಾಗಬಹುದು, ಅದಕ್ಕೆ 34. ಒಂದು ವಿಶ್ರಾಂತಿಗೆ ಎರಡು ಸಲ ಬದಲಾಗಬಹುದು, ಅಂದರೆ 68 ಜಾಸ್ತಿ! ಆ ಹಂತದಲ್ಲಿ ಇವರನ್ನು ಬೀಳಿಸೋದೇ ಕಷ್ಟ. ಲೆವೆಲ್ ಏರಿದಂತೆ ಅದೇ ಕರಡಿ ಸಪ್ಪೆ.

2023ರ ಫೆಬ್ರವರಿಯಲ್ಲಿ ಪ್ರಯೋಗಕ್ಕೆ ಬಿಟ್ಟ ಕರಡು ನಿಯಮದಲ್ಲಿ ನೂರಾರು ಪ್ರಾಣಿಗಳ ಬದಲು ನೆಲ, ನೀರು, ಆಕಾಶಕ್ಕೆ ಒಂದೊಂದು ಮಾದರಿ ಇಟ್ಟರು. ಆಟಗಾರರಿಗೆ ಹಿಡಿಸಲಿಲ್ಲ. ತೋಳಕ್ಕೂ ಕರಡಿಗೂ ಒಂದೇ ಅಂಕಿ ಅಂದರೆ ಬೇಜಾರಾಗದೆ ಇರುತ್ತಾ?

2024ರ ನಿಯಮ ನಡುವಿನ ದಾರಿ ಹಿಡಿದಿದೆ. ಹೊಡೆತ, ಓಟ ಪ್ರಾಣಿಯದ್ದು. ಹಿಟ್ ಪಾಯಿಂಟ್ ನಿಮ್ಮದೇ, ಮೇಲೆ ಲೆವೆಲ್‌ನಷ್ಟು ತಾತ್ಕಾಲಿಕ ಪಾಯಿಂಟ್, ಮೂನ್ ಡ್ರೂಯಿಡ್‌ಗೆ ಅದರ ಮೂರರಷ್ಟು. ಶುರುವಿನಲ್ಲಿ ನಾಲ್ಕೇ ರೂಪ ಗೊತ್ತಿರುತ್ತವೆ. ದೀರ್ಘ ವಿಶ್ರಾಂತಿ ಮುಗಿದಾಗ ಅದರಲ್ಲೊಂದನ್ನು ಬದಲಿಸಿಕೊಳ್ಳಬಹುದು. ಹಾಗಾಗಿ ಸರದಿ ಬಂದಾಗ ಇಡೀ ಪುಸ್ತಕ ತಿರುವುತ್ತಾ ಕೂರುವ ಕಾಟವಾದರೂ ತಪ್ಪಿದೆ.